ಲ್ಯಾಪ್‌ಟಾಪ್ ಬಿಸಿಯಾದರೆ ವಿಜ್ಞಾನದ ಲೆಕ್ಕ ನಿಲ್ಲಿಸಬೇಕಾ?

ಈ ಸಲ ಹಾಸನ, ಚಿಕ್ಕಮಗಳೂರು ಕಡೆಯಿಂದ ಬಂದ ಪ್ರಶ್ನೆಗಳಲ್ಲಿ ಹೆಚ್ಚಿನವು ಒಂದೇ ವಿಷಯದ್ದು. ಲ್ಯಾಪ್‌ಟಾಪ್ ಸುಮ್ನೆ ಕೂತಿರುವ ಹೊತ್ತಿನಲ್ಲಿ ಅದರ ಶಕ್ತಿಯನ್ನು ವಿಜ್ಞಾನಿಗಳ ಲೆಕ್ಕಕ್ಕೆ ಕೊಡುವ ಸಾಫ್ಟ್‌ವೇರ್ ಹಾಕಿಕೊಂಡವರು ಬರೆದಿದ್ದಾರೆ. ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ಭಾರಿ ಲೆಕ್ಕವನ್ನು ಸಣ್ಣ ಸಣ್ಣ ತುಂಡು ಮಾಡಿ ಇಂಟರ್‌ನೆಟ್ ಮೂಲಕ ಸಾವಿರಾರು ಮನೆಗಳಿಗೆ ಹಂಚುತ್ತಾರೆ. ನಿಮ್ಮ ಕಂಪ್ಯೂಟರ್ ತನ್ನ ಪಾಲಿನ ತುಂಡು ಮುಗಿಸಿ ಉತ್ತರ ವಾಪಸ್ ಕಳಿಸುತ್ತದೆ. ಇಂಥ ಎಷ್ಟೋ ಯೋಜನೆಗಳು ನಡೆಯುವುದು ಬೋಯಿಂಕ್ ಎಂಬ ಉಚಿತ ಸಾಫ್ಟ್‌ವೇರ್ ಮೇಲೆ. ಅದು ಹುಟ್ಟಿದ್ದು ಅಮೆರಿಕದ ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ. ಬರೆದವರೆಲ್ಲರ ದೂರು ಒಂದೇ: ಬಿಸಿ.

ಪ್ರಶ್ನೆ: ಸರ್, ನಾನು ಹಾಸನದಲ್ಲಿ ಇಂಜಿನಿಯರಿಂಗ್ ಓದುತ್ತಿದ್ದೇನೆ. ಸಾಲಗಾಮೆ ರಸ್ತೆಯ ಪಿ.ಜಿ.ಯಲ್ಲಿದ್ದೇನೆ. ಬೋಯಿಂಕ್ ಹಾಕಿ, ಆಕಾಶದಿಂದ ಬರುವ ಸಂಕೇತಗಳಲ್ಲಿ ನಕ್ಷತ್ರ ಹುಡುಕುವ ಐನ್‌ಸ್ಟೈನ್ ಅಟ್ ಹೋಮ್ ಓಡಿಸುತ್ತೇನೆ. ಶುರು ಮಾಡಿದ ಸ್ವಲ್ಪ ಹೊತ್ತಿಗೇ ಫ್ಯಾನ್ ಜೋರಾಗಿ ಕೂಗುತ್ತದೆ, ಕೀಬೋರ್ಡಿನ ಮೇಲ್ಭಾಗ ಮುಟ್ಟೋಕಾಗಲ್ಲ. ಬಿಸಿ ಅಳೆದು ತೋರಿಸುವ ಎಚ್‌ಡಬ್ಲ್ಯೂಇನ್ಫೋ ಪ್ರೋಗ್ರಾಂನಲ್ಲಿ 97, 98 ಡಿಗ್ರಿ ತೋರಿಸುತ್ತದೆ. ಒಂದೆರಡು ಸಲ ತಾನಾಗೇ ಆಫ್ ಆಗಿದೆ. ಟಾಸ್ಕ್ ಮ್ಯಾನೇಜರ್‌ನಲ್ಲಿ ನೋಡಿದರೆ ಪ್ರಯಾರಿಟಿ 'ಲೋ' ಅಂತಲೇ ಇದೆ, ಮತ್ತೆ ಇಷ್ಟು ಬಿಸಿ ಯಾಕೆ? ರೂಮಿನವರು ಮದರ್‌ಬೋರ್ಡ್ ಸುಟ್ಟುಹೋಗುತ್ತೆ, ತೆಗೆದುಹಾಕು ಅಂತಾರೆ. ಅಪ್ಪ ಸಾಲ ಮಾಡಿ ಕೊಡಿಸಿದ ಲ್ಯಾಪ್‌ಟಾಪ್ ಇದು.
— ವಿದ್ಯಾರ್ಥಿ, ಹಾಸನ

ಉತ್ತರ: ತೆಗೆದುಹಾಕಬೇಡಿ. ಆದರೆ ಈಗ ಓಡಿಸುತ್ತಿರುವ ಹಾಗೆ ಇನ್ನೊಂದು ದಿನವೂ ಓಡಿಸಬೇಡಿ. ಅಪ್ಪನ ದುಡ್ಡು ಮುಖ್ಯ, ನಿಮ್ಮ ಓದು ಅದಕ್ಕಿಂತ ಮುಖ್ಯ. ಇವೆರಡಕ್ಕೂ ತೊಂದರೆಯಾಗದ ಹಾಗೆ ಈ ಕೆಲಸ ಖಂಡಿತ ಮಾಡಬಹುದು.

ಮೊದಲು ಆ 'ಲೋ ಪ್ರಯಾರಿಟಿ' ವಿಷಯ. ಬಹಳ ಜನ ಇಲ್ಲೇ ತಪ್ಪು ತಿಳಿಯುತ್ತಾರೆ. ಪ್ರಯಾರಿಟಿ ಕಡಿಮೆ ಅಂದರೆ ಬೇರೆ ಪ್ರೋಗ್ರಾಂ ಬಂದಾಗ ಜಾಗ ಬಿಟ್ಟುಕೊಡುತ್ತದೆ ಅಂತ ಅಷ್ಟೇ, ಕಡಿಮೆ ಕೆಲಸ ಮಾಡುತ್ತದೆ ಅಂತ ಅಲ್ಲ. ಬೇರೆ ಯಾರೂ ಕೇಳದಿದ್ದಾಗ ಬೋಯಿಂಕ್ ಪ್ರೊಸೆಸರಿನ ಎಲ್ಲ ಕೋರ್‌ಗಳನ್ನೂ (ಲೆಕ್ಕ ಮಾಡುವ ಘಟಕಗಳನ್ನೂ) ತುಂಬಿಬಿಡುತ್ತದೆ. ನೀವು ಬ್ರೌಸರ್‌ನಲ್ಲಿ ಓದುವಾಗ ಪ್ರೊಸೆಸರಿಗೆ ಕ್ಷಣಕ್ಷಣಕ್ಕೆ ಬಿಡುವು ಸಿಗುತ್ತದೆ, ಇಲ್ಲಿ ಬಿಡುವೇ ಇಲ್ಲ. ಲ್ಯಾಪ್‌ಟಾಪ್ ಮಾಡುವವರು ಅದರ ಕೂಲಿಂಗ್ ಲೆಕ್ಕ ಹಾಕುವುದು ಸ್ವಲ್ಪ ಹೊತ್ತು ಜೋರು, ಆಮೇಲೆ ವಿರಾಮ ಎನ್ನುವ ಬಳಕೆಗೆ. ನಿಮ್ಮ ರಸ್ತೆಯಲ್ಲೇ ಇಸ್ರೋದ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ ಇದೆ ಅಲ್ವಾ, ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುವ ಕೇಂದ್ರ. ಅಂಥ ಕಡೆ ಹಗಲೂ ರಾತ್ರಿ ಓಡುವ ಯಂತ್ರಗಳಿಗೆ ಅದಕ್ಕೆಂದೇ ತಂಪು ಮಾಡಿದ ಕೋಣೆ ಇರುತ್ತದೆ. ನಿಮ್ಮದರಲ್ಲಿ ಇರುವುದು ಬೆರಳುದ್ದದ ಫ್ಯಾನ್, ಒಂದೋ ಎರಡೋ ತಾಮ್ರದ ಪೈಪು.

98 ಡಿಗ್ರಿಗೆ ಮದರ್‌ಬೋರ್ಡ್ ತಕ್ಷಣ ಸುಟ್ಟುಹೋಗುವುದಿಲ್ಲ. ಈಗಿನ ಲ್ಯಾಪ್‌ಟಾಪ್ ಪ್ರೊಸೆಸರ್‌ಗಳಿಗೆ ಸಾಮಾನ್ಯವಾಗಿ 100 ಡಿಗ್ರಿಯ ಆಸುಪಾಸಿನಲ್ಲಿ ಒಂದು ಗಡಿ ಇರುತ್ತದೆ. ಅದರ ಹತ್ತಿರ ಬಂದರೆ ಚಿಪ್ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ, ಹಾಗೂ ಆಗದಿದ್ದರೆ ಪವರ್ ಕತ್ತರಿಸುತ್ತದೆ. ನಿಮ್ಮದು ಆಫ್ ಆದದ್ದು ಬಹುತೇಕ ಇದೇ ರಕ್ಷಣೆಯಿಂದ. ಆದರೆ ರಕ್ಷಣೆ ಇದೆ ಅಂತ ದಿನಗಟ್ಟಲೆ ಆ ಗಡಿಯಲ್ಲೇ ಇಡುವುದು ಸರಿಯಲ್ಲ. ಪಕ್ಕದಲ್ಲಿರುವ ಬ್ಯಾಟರಿ, ಫ್ಯಾನಿನ ಬೇರಿಂಗ್, ಎಸ್‌ಎಸ್‌ಡಿ, ಇವು ಆ ಬಿಸಿಗೆ ಬೇಗ ಸವೆಯುತ್ತವೆ. ಇಡೀ ರಾತ್ರಿ ಓಡುವ ಲ್ಯಾಪ್‌ಟಾಪ್ 80ರ ಆಸುಪಾಸಿನಲ್ಲಿದ್ದರೆ ನಾನು ನೆಮ್ಮದಿಯಾಗಿರುತ್ತೇನೆ. 90 ದಾಟಿ ನಿಂತೇ ಇದ್ದರೆ ಕೆಲಸ ಕಡಿಮೆ ಮಾಡಿಸುತ್ತೇನೆ.

ಈಗ ಒಂದು ಪರೀಕ್ಷೆ. ಯಾವ ಸೆಟ್ಟಿಂಗ್ ಮುಟ್ಟುವ ಮುಂಚೆಯೂ ಇದನ್ನು ಮಾಡಿ. ಬೋಯಿಂಕ್ ಓಡುತ್ತಿರುವಾಗ ಬಿಸಿಗಾಳಿ ಹೊರಬರುವ ಕಿಂಡಿಯ ಮುಂದೆ ಅಂಗೈ ಹಿಡಿಯಿರಿ. ಫ್ಯಾನ್ ಕೂಗುತ್ತಿದೆ, ಆದರೆ ಕೈಗೆ ಗಾಳಿಯೇ ತಾಕುತ್ತಿಲ್ಲ ಅಂದರೆ ಒಳಗೆ ಧೂಳು ಕಟ್ಟಿದೆ. ಗಾಳಿ ಜೋರಾಗಿ ಬರುತ್ತಿದೆ, ಆದರೆ ಬರೀ ಉಗುರುಬೆಚ್ಚಗಿದೆ, ಪರದೆ ಮೇಲೆ ಮಾತ್ರ 97 ತೋರಿಸುತ್ತಿದೆ ಅಂದರೆ ಚಿಪ್ಪಿನ ಬಿಸಿ ಫ್ಯಾನಿನವರೆಗೆ ತಲುಪುತ್ತಿಲ್ಲ. ಅಲ್ಲಿ ಥರ್ಮಲ್ ಪೇಸ್ಟ್ (ಚಿಪ್ಪಿನ ಬಿಸಿ ದಾಟಿಸಲು ಹಚ್ಚುವ ಲೇಪ) ಒಣಗಿರಬಹುದು ಅಥವಾ ಹೀಟ್‌ಸಿಂಕ್ (ಆ ಬಿಸಿ ಹೀರಿಕೊಳ್ಳುವ ಲೋಹದ ಭಾಗ) ಸರಿಯಾಗಿ ಕೂತಿಲ್ಲದಿರಬಹುದು. ಗಾಳಿ ಜೋರಾಗೂ ಇದೆ, ಕೈ ಇಡೋಕಾಗದಷ್ಟು ಬಿಸಿಯೂ ಇದೆ ಅಂದರೆ ಕೂಲಿಂಗ್ ತನ್ನ ಕೆಲಸ ಸರಿಯಾಗೇ ಮಾಡುತ್ತಿದೆ, ನೀವು ಹೊರಿಸಿದ ಹೊರೆಯೇ ಜಾಸ್ತಿ. ಮೊದಲ ಎರಡಕ್ಕೆ ಸ್ಕ್ರೂಡ್ರೈವರ್ ಬೇಕು (ಅದರ ಬಗ್ಗೆ ಮುಂದಿನ ಉತ್ತರದಲ್ಲಿ ಬರೆದಿದ್ದೇನೆ), ಮೂರನೆಯದಕ್ಕೆ ಸೆಟ್ಟಿಂಗ್ ಸಾಕು.

ಬೋಯಿಂಕ್‌ನಲ್ಲಿ ಆಪ್ಶನ್ಸ್ ಮೆನುವಿನಲ್ಲಿ ಕಂಪ್ಯೂಟಿಂಗ್ ಪ್ರಿಫರೆನ್ಸಸ್ ತೆರೆಯಿರಿ. ಅಲ್ಲಿ ಹತ್ತಿರ ಹತ್ತಿರ ಎರಡು ಸಾಲುಗಳಿವೆ. ಒಂದು ಎಷ್ಟು ಪರ್ಸೆಂಟ್ ಸಿಪಿಯುಗಳನ್ನು ಬಳಸಬೇಕು ಅನ್ನುವುದು, ಇನ್ನೊಂದು ಎಷ್ಟು ಪರ್ಸೆಂಟ್ ಸಿಪಿಯು ಟೈಮ್ ಬಳಸಬೇಕು ಅನ್ನುವುದು. ನೋಡೋಕೆ ಒಂದೇ ಥರ ಇದ್ದರೂ ಕೆಲಸ ಬೇರೆ. ಟೈಮ್ ಕಡಿಮೆ ಮಾಡಿದರೆ ಬೋಯಿಂಕ್ ಸ್ವಲ್ಪ ಹೊತ್ತು ಪೂರ್ತಿ ಜೋರಾಗಿ ಓಡಿ, ಸ್ವಲ್ಪ ಹೊತ್ತು ನಿಂತು, ಮತ್ತೆ ಓಡುತ್ತದೆ. ಬಿಸಿ ಏರುತ್ತದೆ, ಇಳಿಯುತ್ತದೆ, ಫ್ಯಾನೂ ಅದರ ಜೊತೆ ಏರಿಳಿಯುತ್ತದೆ. ನನಗೆ ಅದು ಇಷ್ಟವಿಲ್ಲ. ಟೈಮನ್ನು 100ರಲ್ಲೇ ಬಿಟ್ಟು ಸಿಪಿಯುಗಳ ಸಾಲನ್ನು 50ಕ್ಕೆ ಇಳಿಸಿ. ನಿಮ್ಮದು 8 ಥ್ರೆಡ್ಡಿನ, ಅಂದರೆ ಒಂದೇ ಸಲಕ್ಕೆ 8 ಕೆಲಸ ನಡೆಸಬಲ್ಲ ಪ್ರೊಸೆಸರ್ ಆದರೆ ಆಗ ಒಂದೇ ಸಲಕ್ಕೆ 4 ತುಂಡು ಮಾತ್ರ ಓಡುತ್ತವೆ. ಹತ್ತು ಹದಿನೈದು ನಿಮಿಷ ಬಿಟ್ಟು ಡಿಗ್ರಿ ನೋಡಿ. ಇನ್ನೂ ಜಾಸ್ತಿ ಇದ್ದರೆ 25ಕ್ಕೆ ಇಳಿಸಿ.

ಐನ್‌ಸ್ಟೈನ್ ಅಟ್ ಹೋಮ್ ಗ್ರಾಫಿಕ್ಸ್ ಕಾರ್ಡನ್ನೂ ಬಳಸಿಕೊಳ್ಳುತ್ತದೆ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಪ್ರೊಸೆಸರಿಗೂ ಗ್ರಾಫಿಕ್ಸ್ ಚಿಪ್ಪಿಗೂ ಅದೇ ತಾಮ್ರದ ಪೈಪು, ಅದೇ ಫ್ಯಾನ್. ಎರಡನ್ನೂ ಒಟ್ಟಿಗೆ ಓಡಿಸಿದರೆ ಎರಡರ ಬಿಸಿಯೂ ಒಂದೇ ದಾರಿಯಲ್ಲಿ ಹೊರಹೋಗಬೇಕು. ನಿಮ್ಮದರಲ್ಲಿ ಬೇರೆ ಗ್ರಾಫಿಕ್ಸ್ ಚಿಪ್ ಇದ್ದರೆ ಆಕ್ಟಿವಿಟಿ ಮೆನುವಿಗೆ ಹೋಗಿ ಜಿಪಿಯು ಕೆಲಸ ನಿಲ್ಲಿಸಿ ನೋಡಿ. ಬರೀ ಇದರಿಂದಲೇ ಸಮಸ್ಯೆ ಮುಗಿದವರು ಬೇಕಾದಷ್ಟು ಜನ ಇದ್ದಾರೆ.

ಇನ್ನೊಂದು ಉಪಾಯ ವಿಂಡೋಸ್ ಒಳಗೇ ಇದೆ, ನನಗೆ ಎಲ್ಲಕ್ಕಿಂತ ಹೆಚ್ಚು ಇಷ್ಟವಾದದ್ದು ಅದೇ. ಕಂಟ್ರೋಲ್ ಪ್ಯಾನೆಲ್‌ನ ಪವರ್ ಆಪ್ಶನ್ಸ್‌ನಲ್ಲಿ ಅಡ್ವಾನ್ಸ್ಡ್ ಸೆಟ್ಟಿಂಗ್ಸ್‌ವರೆಗೆ ಹೋದರೆ ಪ್ರೊಸೆಸರ್ ಪವರ್ ಮ್ಯಾನೇಜ್‌ಮೆಂಟ್ ಅಡಿಯಲ್ಲಿ ಮ್ಯಾಕ್ಸಿಮಮ್ ಪ್ರೊಸೆಸರ್ ಸ್ಟೇಟ್ ಅಂತ ಇರುತ್ತದೆ. ಅದು 100 ಇರುವುದನ್ನು 99 ಮಾಡಿ. ಒಂದು ಪರ್ಸೆಂಟಿಗೆ ಏನಾಗುತ್ತೆ ಅಂತ ಅನ್ನಿಸಬಹುದು. ಆ ಒಂದು ಪರ್ಸೆಂಟ್ ಇಳಿಸಿದರೆ ಸಾಮಾನ್ಯವಾಗಿ ಟರ್ಬೋ ನಿಂತುಹೋಗುತ್ತದೆ. ಟರ್ಬೋ ಅಂದರೆ ಪ್ರೊಸೆಸರ್ ತನ್ನ ಮಾಮೂಲಿ ವೇಗ ಮೀರಿ ಓಡುವುದು, ಅದಕ್ಕೆ ಅದು ವೋಲ್ಟೇಜನ್ನೂ ಏರಿಸಿಕೊಳ್ಳುತ್ತದೆ. ನೀವು ಇಂಜಿನಿಯರಿಂಗ್ ಓದುವವರು, ಸೂತ್ರ ಗೊತ್ತಿರುತ್ತದೆ: ಚಿಪ್ ಎಳೆಯುವ ಪವರ್ ವೇಗದ ಜೊತೆ ಏರುತ್ತದೆ, ವೋಲ್ಟೇಜಿನ ವರ್ಗದ ಜೊತೆಗೂ ಏರುತ್ತದೆ. ಎರಡನ್ನೂ ಹತ್ತು ಪರ್ಸೆಂಟ್ ಇಳಿಸಿದರೆ 0.9 ಗುಣಿಸು 0.9 ಗುಣಿಸು 0.9, ಅಂದರೆ 0.729. ಹತ್ತು ಪರ್ಸೆಂಟ್ ವೇಗ ಬಿಟ್ಟುಕೊಟ್ಟು ಕಾಲು ಭಾಗಕ್ಕಿಂತ ಹೆಚ್ಚು ಬಿಸಿ ಉಳಿಸಿದ ಹಾಗಾಯಿತು. ಕೆಲವು ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಆ ಸಾಲು ಕಾಣಿಸುವುದಿಲ್ಲ. ಆಗ ಕಂಪನಿಯವರೇ ಕೊಟ್ಟಿರುವ ಆ್ಯಪ್‌ನಲ್ಲಿ 'ಸೈಲೆಂಟ್' ಅಥವಾ 'ಕ್ವಯಟ್' ಅಂತ ಇರುವುದನ್ನು ಆರಿಸಿಕೊಳ್ಳಿ.

ನಿಧಾನವಾದರೆ ವಿಜ್ಞಾನಿಗಳಿಗೆ ನಷ್ಟ ಅಂತ ದಯವಿಟ್ಟು ಅಂದುಕೊಳ್ಳಬೇಡಿ. ಪ್ರತಿ ತುಂಡಿಗೂ ಒಂದು ಗಡುವು ಇರುತ್ತದೆ, ಅದರೊಳಗೆ ಮುಗಿದರೆ ಆಯಿತು. ಅವರಿಗೆ ನಿಜವಾಗಿ ತೊಂದರೆ ಆಗುವುದು ತಪ್ಪು ಉತ್ತರದಿಂದ. ವಿಪರೀತ ಬಿಸಿಯಲ್ಲಿ ಅಲುಗಾಡುವ ಕಂಪ್ಯೂಟರ್ ತಪ್ಪು ಲೆಕ್ಕ ಕೊಡಬಹುದು ಅಂತಲೇ ಎಷ್ಟೋ ಯೋಜನೆಗಳು ಒಂದೇ ತುಂಡನ್ನು ಇಬ್ಬರಿಗೆ ಕಳಿಸಿ ಎರಡೂ ಉತ್ತರ ತಾಳೆ ನೋಡುತ್ತವೆ. 98 ಡಿಗ್ರಿಯಲ್ಲಿ ಓಡಿ ಮಧ್ಯದಲ್ಲಿ ಆಫ್ ಆಗುವ ಲ್ಯಾಪ್‌ಟಾಪ್‌ಗಿಂತ ಅರ್ಧ ವೇಗದಲ್ಲಿ ತಣ್ಣಗೆ ಮುಗಿಸುವ ಲ್ಯಾಪ್‌ಟಾಪ್ ಅವರಿಗೆ ಎಷ್ಟೋ ಮೇಲು. 2010ರಲ್ಲಿ ನಿಮ್ಮ ಇದೇ ಐನ್‌ಸ್ಟೈನ್ ಅಟ್ ಹೋಮ್‌ನಿಂದ ಒಂದು ಹೊಸ ಪಲ್ಸಾರ್, ಅಂದರೆ ಗಿರಗಿರ ತಿರುಗುತ್ತಾ ರೇಡಿಯೊ ಅಲೆ ಮಿಡಿಯುವ ನಕ್ಷತ್ರ, ಸಿಕ್ಕಿತು. ಅರೆಸಿಬೊ ರೇಡಿಯೊ ದೂರದರ್ಶಕದ ಮಾಹಿತಿಯಲ್ಲಿ ಅಡಗಿದ್ದ ಆ ನಕ್ಷತ್ರವನ್ನು ಹಿಡಿದುಕೊಟ್ಟದ್ದು ಅಮೆರಿಕದ ಅಯೋವಾದ ಒಂದು ದಂಪತಿ ಮತ್ತು ಜರ್ಮನಿಯ ಒಬ್ಬರು ಓಡಿಸುತ್ತಿದ್ದ ಕಂಪ್ಯೂಟರ್‌ಗಳು. ಯಾವ ಸೂಪರ್ ಕಂಪ್ಯೂಟರೂ ಅಲ್ಲ. ಹಾಸನದ ಪಿ.ಜಿ. ರೂಮಿನ ಲ್ಯಾಪ್‌ಟಾಪಿಗೂ ಅಂಥದ್ದು ಸಿಗಬಾರದು ಅಂತೇನಿಲ್ಲ.

ಒಂದು ಮರೆತೆ. ಲ್ಯಾಪ್‌ಟಾಪನ್ನು ಹಾಸಿಗೆ ಮೇಲೆ ಇಟ್ಟು ಓಡಿಸಬೇಡಿ. ಗಾಳಿ ಒಳಗೆ ಎಳೆದುಕೊಳ್ಳುವ ಕಿಂಡಿ ಇರುವುದು ಸಾಮಾನ್ಯವಾಗಿ ಅಡಿಯಲ್ಲೇ.

ಪ್ರಶ್ನೆ: ನಮಸ್ಕಾರ. ನಮ್ಮದು ಮೂಡಿಗೆರೆ ಹತ್ತಿರ ಸಣ್ಣ ಕಾಫಿ ತೋಟ. ಮಗ ಬೆಂಗಳೂರಿಗೆ ಕೆಲಸಕ್ಕೆ ಹೋಗುವಾಗ ಅವನ ಹಳೇ ಲ್ಯಾಪ್‌ಟಾಪ್ ಮನೆಯಲ್ಲಿ ಬಿಟ್ಟು, ಅದರಲ್ಲಿ ರೊಸೆಟ್ಟಾ ಅಟ್ ಹೋಮ್ ಹಾಕಿಕೊಟ್ಟ, ರೋಗಗಳ ಸಂಶೋಧನೆಗೆ ಸಹಾಯ ಆಗುತ್ತೆ ಅಮ್ಮ ಅಂತ. ಮಳೆಗಾಲ ಪೂರ್ತಿ ಚೆನ್ನಾಗಿ ಓಡಿತು. ಕಾಫಿ ಕೊಯ್ಲು ಮುಗಿದ ಮೇಲೆ ಬಿಸಿ ಜಾಸ್ತಿಯಾಗಿ ಆಫ್ ಆಗುತ್ತಿದೆ. ಮಗ ಫೋನಿನಲ್ಲಿ ಹೇಳಿದ ಸೆಟ್ಟಿಂಗ್ ಎಲ್ಲಾ ಮಾಡಿದೆ, ಪ್ರಯೋಜನ ಇಲ್ಲ. ನಮ್ಮ ಕಡೆ ಚಳಿ ಇರುವಾಗಲೇ ಹೀಗಾದರೆ ಏಪ್ರಿಲ್‌ನಲ್ಲಿ ಏನು ಗತಿ?
— ಗೃಹಿಣಿ, ಮೂಡಿಗೆರೆ ತಾಲ್ಲೂಕು

ಉತ್ತರ: ಅಮ್ಮ, ನಿಮ್ಮ ಪ್ರಶ್ನೆಯಲ್ಲೇ ಉತ್ತರ ಇದೆ. ಮಳೆಗಾಲದಲ್ಲಿ ಸರಿ ಇದ್ದದ್ದು ಕೊಯ್ಲಾದ ಮೇಲೆ ಕೆಟ್ಟಿತು ಅಂದರೆ ಅದು ಸೆಟ್ಟಿಂಗ್ ತಪ್ಪಲ್ಲ, ಕಣದ ಧೂಳು. ಡಿಸೆಂಬರಿನಿಂದ ಫೆಬ್ರವರಿವರೆಗೆ ಕಣದಲ್ಲಿ ಕಾಫಿ ಒಣಗುತ್ತಿರುತ್ತದೆ, ಬೆಳಿಗ್ಗೆ ಹರಡಿ, ಗೋರಿ, ಸಂಜೆ ರಾಶಿ ಮಾಡಿ ಮುಚ್ಚುವಾಗ ಸಿಪ್ಪೆಯ ಸಣ್ಣ ಪುಡಿ ಏಳುತ್ತದೆ. ಕಣದ ಕಡೆ ಕಿಟಕಿ ಇರುವ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಗಲೂ ರಾತ್ರಿ ಗಾಳಿ ಎಳೆಯುತ್ತಿದ್ದರೆ ಆ ಪುಡಿಯೆಲ್ಲ ಅದರ ಹೊಟ್ಟೆಗೇ ಹೋಗುತ್ತದೆ.

ಒಳಗೆ ಆಗುವುದು ಹೀಗೆ. ಫ್ಯಾನಿನ ಬಾಯಿಯ ಮುಂದೆ ತಾಮ್ರದ ಅಥವಾ ಅಲ್ಯೂಮಿನಿಯಂನ ತೆಳು ತಗಡುಗಳು ಬಾಚಣಿಗೆಯ ಹಲ್ಲಿನ ಹಾಗೆ ಒತ್ತಾಗಿ ನಿಂತಿರುತ್ತವೆ, ಇವಕ್ಕೆ ಫಿನ್ ಅನ್ನುತ್ತಾರೆ. ಚಿಪ್ಪಿನ ಬಿಸಿ ಪೈಪಿನ ಮೂಲಕ ಆ ತಗಡುಗಳಿಗೆ ಬರುತ್ತದೆ, ಫ್ಯಾನ್ ಊದುವ ಗಾಳಿ ಆ ಸಂದುಗಳಲ್ಲಿ ಹಾದು ಬಿಸಿಯನ್ನು ಹೊರಗೆ ಒಯ್ಯುತ್ತದೆ. ಧೂಳು ಬಂದು ಕೂರುವುದು ಫ್ಯಾನಿಗೂ ತಗಡಿಗೂ ಮಧ್ಯೆ. ಮೊದಲು ಒಂದೆರಡು ಕೂದಲೋ ನೂಲಿನ ಎಳೆಯೋ ಸಿಕ್ಕಿಕೊಳ್ಳುತ್ತದೆ, ಅದಕ್ಕೆ ಸಿಪ್ಪೆಯ ಪುಡಿ ಹತ್ತಿಕೊಳ್ಳುತ್ತದೆ, ಮಲೆನಾಡಿನ ತೇವಕ್ಕೆ ಅದು ಬಿಗಿಯಾಗುತ್ತದೆ. ಕೊನೆಗೆ ಬಿಚ್ಚಿ ನೋಡಿದರೆ ಬೂದು ಬಣ್ಣದ ಕಂಬಳಿಯ ತುಂಡಿನಂಥದ್ದು ಸಿಗುತ್ತದೆ, ಚಿಮುಟದಲ್ಲಿ ಹಿಡಿದು ಎಳೆದರೆ ಒಂದೇ ಪಟ್ಟಿಯಾಗಿ ಬರುತ್ತದೆ. ಹೊರಗಿನಿಂದ ಕಿಂಡಿಯಲ್ಲಿ ಇಣುಕಿದರೆ ಇದು ಕಾಣುವುದಿಲ್ಲ, ತಗಡುಗಳು ಫಳಫಳ ಅಂತಲೇ ಇರುತ್ತವೆ. ಅದಕ್ಕೇ ಎಷ್ಟೋ ಜನ 'ಒಳಗೆ ಕ್ಲೀನಾಗಿದೆ' ಅಂದುಕೊಂಡು ಸೆಟ್ಟಿಂಗ್ ಬದಲಾಯಿಸುತ್ತಾ ಕೂರುತ್ತಾರೆ.

ಹೊರಗಿನ ಕಿಂಡಿಯಿಂದ ಬ್ಲೋವರ್‌ನಲ್ಲಿ ಊದಿದರೆ ಆ ಪಟ್ಟಿ ಹಿಂದಕ್ಕೆ ಸರಿದು ಒಂದು ವಾರ ಸರಿ ಇರಬಹುದು, ಆಮೇಲೆ ಮತ್ತೆ ಅಲ್ಲೇ ಬಂದು ಕೂರುತ್ತದೆ. ಕೆಳಗಿನ ಮುಚ್ಚಳ ಬಿಚ್ಚಿ ತೆಗೆಯುವುದೇ ಸರಿ. ಹಳೇ ಲ್ಯಾಪ್‌ಟಾಪ್ ಆದ್ದರಿಂದ ವಾರಂಟಿ ಚಿಂತೆ ನಿಮಗಿರಲಿಕ್ಕಿಲ್ಲ, ಇದ್ದವರು ಕಂಪನಿಯ ಸರ್ವೀಸ್ ಸೆಂಟರಿಗೇ ಕೊಡಿ. ಮೂಡಿಗೆರೆಯಲ್ಲೋ ಚಿಕ್ಕಮಗಳೂರಿನಲ್ಲೋ ನಿಮಗೆ ನಂಬಿಕೆ ಇರುವ ಲ್ಯಾಪ್‌ಟಾಪ್ ರಿಪೇರಿಯವರ ಹತ್ತಿರ ಒಯ್ದು ಸ್ಪಷ್ಟವಾಗಿ ಹೀಗೆ ಹೇಳಿ: ಫ್ಯಾನ್ ಬಿಚ್ಚಿ ಫಿನ್ ಕ್ಲೀನ್ ಮಾಡಬೇಕು, ಥರ್ಮಲ್ ಪೇಸ್ಟ್ ಹೊಸದು ಹಾಕಬೇಕು. ಬರೀ 'ಸರ್ವೀಸ್ ಮಾಡಿ' ಅಂದರೆ ಕೆಲವರು ಮೇಲೆ ಮೇಲೆ ಊದಿ ಕೊಟ್ಟುಬಿಡುತ್ತಾರೆ. ಸಾಧ್ಯವಾದರೆ ಎದುರಿಗೇ ಕೂತು ಮಾಡಿಸಿ. ಹಳೇ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಪೂರ್ತಿ ಒರೆಸಿದ ಮೇಲೇ ಹೊಸದು ಹಾಕಬೇಕು. ಪೇಸ್ಟ್ ಇರುವುದು ಚಿಪ್ಪಿಗೂ ತಾಮ್ರಕ್ಕೂ ನಡುವಿನ ಕಣ್ಣಿಗೆ ಕಾಣದ ಸಂದು ತುಂಬಲಿಕ್ಕೆ, ಅದು ಒಣಗಿ ಬಿರುಕು ಬಿಟ್ಟರೆ ಬಿಸಿ ದಾಟುವುದಿಲ್ಲ.

ಮಗ ಊರಿಗೆ ಬಂದಾಗ ಅವನೇ ಮಾಡುವುದಾದರೆ ಎರಡು ಎಚ್ಚರಿಕೆ. ಗಾಳಿ ಊದುವಾಗ ಫ್ಯಾನ್ ತಿರುಗದ ಹಾಗೆ ಒಂದು ಕಡ್ಡಿಯಲ್ಲಿ ತಡೆದು ಹಿಡಿಯಬೇಕು, ಇಲ್ಲದಿದ್ದರೆ ಅದು ವಿಪರೀತ ವೇಗದಲ್ಲಿ ತಿರುಗಿ ಬೇರಿಂಗ್ ಹಾಳಾಗುತ್ತದೆ. ಬಾಯಿಂದ ಊದಲೇಬಾರದು, ಉಸಿರಿನ ಜೊತೆ ತೇವ ಹೋಗುತ್ತದೆ. ಬ್ಯಾಟರಿ ಕನೆಕ್ಟರ್ ತೆಗೆದ ಮೇಲೇ ಒಳಗೆ ಕೈ ಹಾಕಬೇಕು ಅನ್ನುವುದು ಅವನಿಗೆ ಗೊತ್ತಿರುತ್ತದೆ.

ಚಳಿಯ ಬಗ್ಗೆ ಕೇಳಿದಿರಿ. ಕೋಣೆ ಹತ್ತು ಡಿಗ್ರಿ ತಂಪಾದರೆ ಚಿಪ್ಪೂ ಹೆಚ್ಚುಕಡಿಮೆ ಅಷ್ಟೇ ತಂಪಾಗುತ್ತದೆ, ಆ ಲಾಭ ನಿಮಗೆ ಈಗ ಸಿಗುತ್ತಿದೆ. ಹಾಗಾಗಿ ಬೇಸಿಗೆ ಬರುವ ಮುಂಚೆಯೇ ಕ್ಲೀನ್ ಮಾಡಿಸಿಬಿಡಿ. ಮುಂದಿನ ವರ್ಷ ಕಣ ಶುರುವಾದಾಗ ಲ್ಯಾಪ್‌ಟಾಪನ್ನು ಮನೆಯ ಇನ್ನೊಂದು ಬದಿಯ ಕೋಣೆಗೆ ಒಯ್ಯಿರಿ, ಅಥವಾ ಆ ತಿಂಗಳುಗಳಲ್ಲಿ ರಾತ್ರಿ ಮಾತ್ರ ಓಡಿಸಿ. ಕಿಂಡಿಗೆ ಬಟ್ಟೆ ಕಟ್ಟುವ ಯೋಚನೆ ಬಂದರೆ ಬಿಟ್ಟುಬಿಡಿ, ಧೂಳಿನ ಜೊತೆ ಗಾಳಿಯೂ ನಿಲ್ಲುತ್ತದೆ. ತೋಟದ ಕಡೆ ಕರೆಂಟ್ ಹೋಗಿ ಬರುತ್ತಿರುತ್ತದೆ, ಅದಕ್ಕೆ ಹೆದರಬೇಕಿಲ್ಲ. ಬ್ಯಾಟರಿ ಮೇಲಿರುವಾಗ ನಿಲ್ಲುವ ಆಯ್ಕೆ ಬೋಯಿಂಕ್‌ನಲ್ಲಿದೆ, ಮಾಡಿದ ಲೆಕ್ಕವನ್ನೂ ಅದು ಆಗಾಗ ಉಳಿಸಿಕೊಳ್ಳುತ್ತಿರುತ್ತದೆ.

ಪ್ರಶ್ನೆ: ನಾನು ನಿವೃತ್ತ ಗಣಿತ ಶಿಕ್ಷಕ. ಚಿಕ್ಕಮಗಳೂರಿನಲ್ಲಿದ್ದೇನೆ. ಹಿಂದೆ ಅನ್ಯಗ್ರಹ ಜೀವಿಗಳನ್ನು ಹುಡುಕುವ ಸೇಟಿ ಅಟ್ ಹೋಮ್ ಹಾಕಿಕೊಂಡಿದ್ದೆ, ಅದು ನಿಂತುಹೋಯಿತಂತೆ. ಈಗ ಮತ್ತೆ ಏನಾದರೂ ಶುರು ಮಾಡುವ ಆಸೆ. ಆದರೆ ಲ್ಯಾಪ್‌ಟಾಪ್ ಬಿಸಿಯಾಗುವುದು ಅಂದರೆ ಕರೆಂಟ್ ಖರ್ಚಾಗುವುದು ಅಂತಲೇ ಅಲ್ಲವೇ? ಗೃಹಜ್ಯೋತಿ ಕೈತಪ್ಪುತ್ತದೆ ಎಂದು ಮನೆಯಲ್ಲಿ ಆಕ್ಷೇಪಣೆ.
— ನಿವೃತ್ತ ಶಿಕ್ಷಕರು, ಚಿಕ್ಕಮಗಳೂರು

ಉತ್ತರ: ಮೇಷ್ಟ್ರೇ, ಸರಿಯಾಗೇ ಹಿಡಿದಿದ್ದೀರಿ. ಲ್ಯಾಪ್‌ಟಾಪ್ ಎಳೆದುಕೊಂಡ ಕರೆಂಟ್ ಎಲ್ಲ ಕೊನೆಗೆ ಬಿಸಿಯೇ. ಬಿಸಿ ಇಳಿಸಿದರೆ ಬಿಲ್ಲೂ ಇಳಿಯುತ್ತದೆ.

ಲೆಕ್ಕ ಹಾಕೋಣ. ಪೂರ್ತಿ ಹೊರೆಯಲ್ಲಿ ಲ್ಯಾಪ್‌ಟಾಪ್ 45 ವ್ಯಾಟ್ ಎಳೆಯುತ್ತದೆ ಅಂತಿಟ್ಟುಕೊಳ್ಳಿ. ದಿನದ 24 ಗಂಟೆಗೆ 1.08 ಯೂನಿಟ್, ತಿಂಗಳಿಗೆ ಹತ್ತಿರ ಹತ್ತಿರ 32 ಯೂನಿಟ್. ಅದೇ ಅರ್ಧ ಕೋರ್, ಟರ್ಬೋ ಬಂದ್ ಮಾಡಿ 25 ವ್ಯಾಟಿಗೆ ಇಳಿಸಿ, ರಾತ್ರಿ 8 ಗಂಟೆ ಮಾತ್ರ ಓಡಿಸಿದರೆ ದಿನಕ್ಕೆ 0.2 ಯೂನಿಟ್, ತಿಂಗಳಿಗೆ 6. ಗೃಹಜ್ಯೋತಿಯಲ್ಲಿ ನಿಮಗೆ ನಿಗದಿಯಾದ ಯೂನಿಟ್ ಎಷ್ಟು ಅಂತ ಮೆಸ್ಕಾಂ ಬಿಲ್ಲಿನಲ್ಲಿ ನೋಡಿಕೊಳ್ಳಿ. ಅದಕ್ಕಿಂತ ಜಾಸ್ತಿಯಾದಷ್ಟಕ್ಕೆ ದುಡ್ಡು ಕಟ್ಟಬೇಕು, 200 ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. 32 ಯೂನಿಟ್ ಅಂದರೆ ಆ ಗಡಿ ದಾಟಿಸಬಲ್ಲ ಮೊತ್ತವೇ, ಮನೆಯವರ ಆಕ್ಷೇಪಣೆ ನ್ಯಾಯವಾದದ್ದು. 6 ಯೂನಿಟ್ಟಿಗೆ ಅವರನ್ನು ಒಪ್ಪಿಸಬಹುದು ಅಂತ ನನ್ನ ನಂಬಿಕೆ. ನಿಮ್ಮ ಲ್ಯಾಪ್‌ಟಾಪ್ ಎಷ್ಟು ಎಳೆಯುತ್ತದೆ ಅಂತ ಸರಿಯಾಗಿ ತಿಳಿಯಬೇಕಾದರೆ ಪ್ಲಗ್ಗಿಗೆ ಹಾಕುವ ವ್ಯಾಟ್ ಮೀಟರ್ ಸಿಗುತ್ತದೆ.

ಸೇಟಿ ಅಟ್ ಹೋಮ್ 1999ರ ಮೇ ತಿಂಗಳಲ್ಲಿ ಶುರುವಾಗಿ 2020ರ ಮಾರ್ಚ್ ಕೊನೆಗೆ ಹೊಸ ಕೆಲಸ ಹಂಚುವುದನ್ನು ನಿಲ್ಲಿಸಿತು. ಇಪ್ಪತ್ತು ವರ್ಷಕ್ಕೂ ಜಾಸ್ತಿ ನಡೆದದ್ದು. ಅದಕ್ಕೆ ನೀವು ಕೊಟ್ಟ ಹೊತ್ತು ದಂಡವಾಗಿಲ್ಲ, ಆಗ ಜನ ಕಳಿಸಿದ ಉತ್ತರಗಳನ್ನು ಜೋಡಿಸಿ ನೋಡುವುದಕ್ಕೇ ಅವರು ನಿಲ್ಲಿಸಿದ್ದು. ಬೋಯಿಂಕ್ ಹುಟ್ಟಿದ್ದೂ ಆ ತಂಡದ ಅನುಭವದಿಂದ. ಗಣಿತದವರಾದ ನಿಮಗೆ ಗಿಂಪ್ಸ್ ಹಿಡಿಸಬಹುದು. ಮರ್ಸೆನ್ ಅವಿಭಾಜ್ಯ ಸಂಖ್ಯೆಗಳನ್ನು, ಅಂದರೆ 2ರ ಒಂದು ಘಾತದಿಂದ 1 ಕಳೆದರೆ ಸಿಗುವ ಅವಿಭಾಜ್ಯಗಳನ್ನು, ಹುಡುಕುವ ಯೋಜನೆ ಅದು, 1996ರಿಂದ ನಡೆಯುತ್ತಿದೆ. 2024ರ ಅಕ್ಟೋಬರಿನಲ್ಲಿ ಅವರಿಗೆ ಸಿಕ್ಕ ಸಂಖ್ಯೆ 2ರ 13,62,79,841ನೇ ಘಾತದಿಂದ 1 ಕಳೆದದ್ದು. ಬರೆದರೆ 4,10,24,320 ಅಂಕಿ! ಆದರೆ ಅದರ ಪ್ರೈಮ್95 ಪ್ರೋಗ್ರಾಂ ಪ್ರೊಸೆಸರನ್ನು ಹಿಂಡಿಬಿಡುತ್ತದೆ. ಕಂಪ್ಯೂಟರಿನ ಕೂಲಿಂಗ್ ಪರೀಕ್ಷೆ ಮಾಡಲಿಕ್ಕೇ ಜನ ಅದನ್ನು ಬಳಸುವುದುಂಟು. ಹಳೇ ಲ್ಯಾಪ್‌ಟಾಪಾದರೆ ಗಿಂಪ್ಸ್ ಬೇಡ ಅಂತಲೇ ಹೇಳುತ್ತೇನೆ. ಪ್ರೋಟೀನ್‌ಗಳ ಆಕಾರ ಹುಡುಕುವ ರೊಸೆಟ್ಟಾ ಅಟ್ ಹೋಮ್ ನೋಡಿ. ಅದು ವಾಷಿಂಗ್ಟನ್ ವಿಶ್ವವಿದ್ಯಾಲಯದ ಡೇವಿಡ್ ಬೇಕರ್ ಅವರ ಲ್ಯಾಬಿನಿಂದ ಬಂದದ್ದು, ಪ್ರೋಟೀನ್ ವಿನ್ಯಾಸಕ್ಕಾಗಿ ಅವರಿಗೆ 2024ರ ರಸಾಯನಶಾಸ್ತ್ರ ನೊಬೆಲ್ ಬಂತು. ಕೆಲವೊಮ್ಮೆ ಅಲ್ಲಿ ಹಂಚಲು ಕೆಲಸ ಇರುವುದಿಲ್ಲ, ಆಗ ಇಂಥದ್ದೇ ಇನ್ನೊಂದು ಯೋಜನೆಯಾದ ವರ್ಲ್ಡ್ ಕಮ್ಯುನಿಟಿ ಗ್ರಿಡ್ಡನ್ನೂ ಜೊತೆಗೆ ಇಟ್ಟುಕೊಳ್ಳಿ.

ಪ್ರಶ್ನೆ: ಕೂಲಿಂಗ್ ಪ್ಯಾಡ್ ತಗೊಂಡರೆ ಬಿಸಿ ಪೂರ್ತಿ ಕಡಿಮೆ ಆಗುತ್ತಾ? ನಮ್ಮ ಕಡೂರಿನ ಬಿಸಿಲಿಗೆ ಮನೆಯೊಳಗೇ ಸೆಖೆ.
— ಓದುಗರು, ಕಡೂರು

ಉತ್ತರ: ಪೂರ್ತಿ ಆಗಲ್ಲ. ಪ್ಯಾಡಿನ ಫ್ಯಾನ್ ಕೋಣೆಯ ಗಾಳಿಯನ್ನೇ ಊದುತ್ತದೆ, ಅದು ಎಷ್ಟು ಬಿಸಿ ಇದೆಯೋ ಅದಕ್ಕಿಂತ ತಂಪು ಮಾಡಲಾರದು. ದುಡ್ಡು ಹಾಕುವ ಮುಂಚೆ ಲ್ಯಾಪ್‌ಟಾಪಿನ ಹಿಂಭಾಗಕ್ಕೆ ಎರಡು ಸಣ್ಣ ಮರದ ತುಂಡು ಕೊಟ್ಟು ಎರಡು ಸೆಂಟಿಮೀಟರ್ ಎತ್ತರಿಸಿ ನೋಡಿ. ಅಡಿಯ ಕಿಂಡಿಗಳು ಮುಚ್ಚಬಾರದು ಅಷ್ಟೇ. ಎಷ್ಟೋ ಸಲ ಪ್ಯಾಡಿನಿಂದ ಆಗುವ ಲಾಭದಲ್ಲಿ ದೊಡ್ಡ ಪಾಲು ಬರುವುದು ಈ ಎತ್ತರದಿಂದಲೇ. ಮಾರ್ಚ್‌ನಿಂದ ಮೇವರೆಗೆ ಹಗಲು ನಿಲ್ಲಿಸಿ, ರಾತ್ರಿ ಹನ್ನೊಂದರಿಂದ ಬೆಳಗಿನ ಆರರವರೆಗೆ ಓಡಿಸಿ. ಸಮಯ ನಿಗದಿ ಮಾಡುವ ಜಾಗ ಬೋಯಿಂಕ್‌ನಲ್ಲೇ ಇದೆ.

ಪ್ರಶ್ನೆ: ಆರು ತಿಂಗಳಿಂದ ಚಾರ್ಜರ್ ಹಾಕಿಯೇ ಪ್ರೋಟೀನ್ ಮಡಚಿಕೊಳ್ಳುವ ರೀತಿ ಲೆಕ್ಕ ಹಾಕುವ ಫೋಲ್ಡಿಂಗ್ ಅಟ್ ಹೋಮ್ ಓಡಿಸುತ್ತಿದ್ದೇನೆ. ಈಗೀಗ ಟಚ್‌ಪ್ಯಾಡ್ ಒತ್ತಲು ಗಟ್ಟಿಯಾಗಿದೆ, ಲ್ಯಾಪ್‌ಟಾಪ್ ಟೇಬಲ್ ಮೇಲೆ ಸಮ ಕೂರುತ್ತಿಲ್ಲ. ಬಿಸಿಗೆ ಪ್ಲಾಸ್ಟಿಕ್ ಬಾಗಿದೆಯಾ?
— ಓದುಗರು, ಅರಸೀಕೆರೆ

ಉತ್ತರ: ಇದನ್ನು ಓದಿದ ಕೂಡಲೇ ಲ್ಯಾಪ್‌ಟಾಪ್ ಆಫ್ ಮಾಡಿ, ಚಾರ್ಜರ್ ತೆಗೆಯಿರಿ. ಪ್ಲಾಸ್ಟಿಕ್ ಬಾಗಿರುವ ಸಾಧ್ಯತೆ ಕಡಿಮೆ, ಬ್ಯಾಟರಿ ಉಬ್ಬಿರುವ ಲಕ್ಷಣ ಇದು. ಲಿಥಿಯಂ ಬ್ಯಾಟರಿ ಒಳಗೆ ಹಾಳಾಗುತ್ತಾ ಬಂದಾಗ ಅನಿಲ ಕಟ್ಟಿಕೊಂಡು ಊದಿಕೊಳ್ಳುತ್ತದೆ, ಟಚ್‌ಪ್ಯಾಡನ್ನು ಕೆಳಗಿನಿಂದ ಒತ್ತುತ್ತದೆ. ಉಬ್ಬಿದ್ದನ್ನು ಒತ್ತಬೇಡಿ, ಚುಚ್ಚಬೇಡಿ, ಮುಚ್ಚಳವನ್ನು ಬಲವಂತವಾಗಿ ಹಾಕಬೇಡಿ. ಬೆಂಕಿ ಹೊತ್ತಿಕೊಳ್ಳುವ ಅಪಾಯ ನಿಜವಾಗಿಯೂ ಇದೆ. ಬಟ್ಟೆ, ಕಾಗದ ಇಲ್ಲದ ಕಡೆ, ಬರೀ ನೆಲದ ಮೇಲೆ ಇಟ್ಟು, ಆದಷ್ಟು ಬೇಗ ರಿಪೇರಿಯವರಿಂದ ಬ್ಯಾಟರಿ ಬದಲಾಯಿಸಿ. ಹಳೇ ಬ್ಯಾಟರಿಯನ್ನು ಕಸದ ಗಾಡಿಗೆ ಹಾಕದೆ ಅವರಿಗೇ ಕೊಟ್ಟು ಇ-ವೇಸ್ಟಿಗೆ ಸೇರಿಸಲು ಹೇಳಿ.

ಬ್ಯಾಟರಿಗೆ ಎರಡು ಸಂಗತಿ ಒಟ್ಟಿಗೆ ಸೇರಬಾರದು: ಬಿಸಿ, ಮತ್ತು ಸದಾ 100 ಪರ್ಸೆಂಟ್ ಚಾರ್ಜ್. ನಿಮ್ಮಲ್ಲಿ ಆರು ತಿಂಗಳು ಎರಡೂ ಸೇರಿದ್ದವು. ಹೊಸ ಬ್ಯಾಟರಿ ಹಾಕಿಸಿದ ಮೇಲೆ ಕಂಪನಿಯ ಆ್ಯಪ್‌ನಲ್ಲೋ ಬಯೋಸ್‌ನಲ್ಲೋ (ಲ್ಯಾಪ್‌ಟಾಪ್ ಆನ್ ಆಗುವಾಗ ತೆರೆಯಬಹುದಾದ ಮೂಲ ಸೆಟ್ಟಿಂಗ್) ಚಾರ್ಜನ್ನು 80ಕ್ಕೆ ನಿಲ್ಲಿಸುವ ಆಯ್ಕೆ ಇದೆಯಾ ನೋಡಿ, ಈಗಿನ ಬಹಳಷ್ಟು ಲ್ಯಾಪ್‌ಟಾಪ್‌ಗಳಲ್ಲಿ ಇರುತ್ತದೆ. ಚಾರ್ಜರ್ ಹಾಕಿಯೇ ಓಡಿಸುವವರೆಲ್ಲ ಇದನ್ನು ಇವತ್ತೇ ಮಾಡಿ.

ಪ್ರಶ್ನೆ: ಲ್ಯಾಪ್‌ಟಾಪ್ ಬದಲು ಮೊಬೈಲಿನಲ್ಲಿ ಓಡಿಸಿದರೆ ಆಗಲ್ವಾ? ಮನೆಯಲ್ಲಿ ಹಳೇ ಆಂಡ್ರಾಯ್ಡ್ ಫೋನ್ ಸುಮ್ನೆ ಬಿದ್ದಿದೆ. ಹಾಗೇ, ನಾನು ಕೆಲಸ ಮಾಡುವ ಶಾಲೆಯ ಕಂಪ್ಯೂಟರ್‌ಗಳಲ್ಲೂ ಹಾಕಬಹುದಾ?
— ಶಿಕ್ಷಕಿ, ಸಕಲೇಶಪುರ

ಉತ್ತರ: ಮೇಡಂ, ಫೋನಿನಲ್ಲಿ ಧಾರಾಳವಾಗಿ ಓಡಿಸಬಹುದು. ಬೋಯಿಂಕ್‌ಗೆ ಆಂಡ್ರಾಯ್ಡ್ ಆ್ಯಪ್ ಇದೆ. ಅದು ಮೊದಲಿನಿಂದಲೇ ಹುಷಾರಾಗಿ ಇರುತ್ತದೆ: ಚಾರ್ಜರ್ ಹಾಕಿರಬೇಕು, ಬ್ಯಾಟರಿ 90 ಪರ್ಸೆಂಟ್ ದಾಟಿರಬೇಕು, ಬ್ಯಾಟರಿಯ ಬಿಸಿ 40 ಡಿಗ್ರಿಗಿಂತ ಕಡಿಮೆ ಇರಬೇಕು, ಆಗ ಮಾತ್ರ ಓಡುತ್ತದೆ. ಆ 40ನ್ನು ಏರಿಸಬೇಡಿ. ಸಕಲೇಶಪುರದ ಹವೆಗೆ ಅಷ್ಟರಲ್ಲೇ ಚೆನ್ನಾಗಿ ಓಡುತ್ತದೆ. ರಬ್ಬರ್ ಕವರ್ ತೆಗೆದು, ಪರದೆ ಕೆಳಗೆ ಮಾಡಿ ಕಲ್ಲಿನ ಶೆಲ್ಫ್ ಮೇಲೆ ಇಡಿ. ಫೋನಿಗೆ ಫ್ಯಾನ್ ಇಲ್ಲ, ಬೆನ್ನಿನಿಂದಲೇ ಬಿಸಿ ಹೊರಗೆ ಹೋಗಬೇಕು. ಎರಡೋ ಮೂರೋ ಕೋರ್ ಸಾಕು. ಹಿಂಬದಿಯ ಮುಚ್ಚಳ ಸ್ವಲ್ಪವಾದರೂ ಎದ್ದಂತೆ ಕಂಡರೆ ಅರಸೀಕೆರೆಯವರಿಗೆ ಹೇಳಿದ್ದೇ ನಿಮಗೂ.

ಶಾಲೆಯ ಕಂಪ್ಯೂಟರ್‌ಗಳಿಗೆ ಹೆಡ್‌ಮಾಸ್ಟರ್ ಒಪ್ಪಿಗೆ ಬರವಣಿಗೆಯಲ್ಲಿ ಪಡೆಯದೆ ಹಾಕಲೇಬೇಡಿ. ಕರೆಂಟ್ ಬಿಲ್ ಶಾಲೆಯದು, ಯಂತ್ರ ಕೆಟ್ಟರೆ ಉತ್ತರ ಹೇಳಬೇಕಾದವರು ನೀವು. ಒಪ್ಪಿಗೆ ಸಿಕ್ಕರೆ ಒಂದೇ ಕಂಪ್ಯೂಟರಿನಿಂದ ಶುರು ಮಾಡಿ, ಮಕ್ಕಳಿಗೆ ಅದರ ಪರದೆ ತೋರಿಸಿ. ಡೆಸ್ಕ್‌ಟಾಪ್ ಆದ್ದರಿಂದ ಬಿಸಿಯ ತೊಂದರೆ ಲ್ಯಾಪ್‌ಟಾಪಿನಷ್ಟು ಇರುವುದಿಲ್ಲ. ಬೇಸಿಗೆ ರಜೆಗೆ ಬೀಗ ಹಾಕುವ ಮುಂಚೆ ಮಾತ್ರ ಆಫ್ ಮಾಡಿ, ಪ್ಲಗ್ ತೆಗೆದು ಹೋಗಿ.